ಅಡಿಗೆ ಅರ್ಧ ಇಂಚಿನ ಚೌಕಿಮನೆ

44 ವರ್ಷದ ಮಹಿಳೆ. ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಸಂಬಳದ ಲೆಕ್ಕ ನೋಡುವ ತಂಡದ ಮೇಲ್ವಿಚಾರಕಿ. ಮನೆಯಲ್ಲಿ ಗಂಡ, ಹತ್ತನೇ ತರಗತಿ ಓದುವ ಮಗ. ತಿಂಗಳ 24ರಿಂದ ಮುಂದಿನ 1ನೇ ತಾರೀಖಿನವರೆಗೆ ದವಡೆ ಬಿಗಿಹಿಡಿಯುತ್ತದೆ, ಬಲ ಹೆಗಲು ಕಲ್ಲಾಗುತ್ತದೆ, ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ವೈದ್ಯರು ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್ ಎಲ್ಲ ನೋಡಿ ದೇಹದಲ್ಲಿ ದೋಷವಿಲ್ಲ, ಒತ್ತಡ ಕಮ್ಮಿ ಮಾಡಿಕೊಳ್ಳಿ ಅಂದರು. ಹೇಗೆ ಅಂತ ಹೇಳುವಷ್ಟು ಹೊತ್ತು ಅವರಿಗೆ ಇರಲಿಲ್ಲ.

ಆಕೆ ತಾನೇ ಒಂದು ಮದ್ದು ಕಂಡುಕೊಂಡಿದ್ದಳು. ಊಟವಾದ ಮೇಲೆ ಮೊಬೈಲಿನಲ್ಲಿ ‘ಆ ಕಾಲ’ದ ತುಣುಕುಗಳನ್ನು ನೋಡುವುದು: ದೂರದರ್ಶನದ ಆರಂಭದ ಸಂಗೀತ, ಬಳಪ, ಸ್ಲೇಟು, ಶಾಯಿ ಪೆನ್ನು, ಮಳೆಯಲ್ಲಿ ನೆನೆಯುವ ಯಾರದೋ ಹಂಚಿನ ಮನೆ. ಐದು ನಿಮಿಷಕ್ಕೆಂದು ಕೂತದ್ದು ಗಂಟೆ ದಾಟುತ್ತಿತ್ತು. ಮುಗಿದಾಗ ಮನಸ್ಸು ಹಗುರಾಗುವ ಬದಲು ಫ್ಲ್ಯಾಟು ಇನ್ನಷ್ಟು ಇಕ್ಕಟ್ಟು, ನಾಳೆಯ ಆಫೀಸು ಇನ್ನಷ್ಟು ಅಸಹ್ಯ. ಮಾತಿಗೊಮ್ಮೆ ಬರುತ್ತಿದ್ದ ಸೊಲ್ಲು ‘ಆಗ ಎಷ್ಟು ಚೆನ್ನಾಗಿತ್ತು’. ಏನು ಚೆನ್ನಾಗಿತ್ತು ಅಂತ ಕೇಳಿದರೆ ಉತ್ತರ ‘ಎಲ್ಲಾ’.

ಆ ‘ಎಲ್ಲಾ’ ಅನ್ನುವ ಉತ್ತರದಿಂದಲೇ ಈ ಪ್ರಕರಣ ಶುರುವಾಗುತ್ತದೆ. ಮುಂದೆ ಹೋಗುವ ಮೊದಲು ಒಂದು ಮಾತು. ಇದು ಒಬ್ಬರ ಕಥೆಯಲ್ಲ, ನೆನಪಿನ ಮನೆಯ ಪುಟ್ಟ ಮಾದರಿ ಕಟ್ಟಿ ಒತ್ತಡ ಇಳಿಸಿಕೊಳ್ಳುವ ಕೆಲಸಕ್ಕೆ ಕೈಹಾಕಿದ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ಒಂದೇ ಮನೆಯ ರೂಪದಲ್ಲಿ ಕಟ್ಟಿಕೊಟ್ಟದ್ದು. ಅಳತೆ, ಲೆಕ್ಕ ಯಾರು ಮಾಡಿ ನೋಡಿದರೂ ತಾಳೆಯಾಗುತ್ತವೆ.

ಊರಿನ ನೆನಪು ಒಂದು ಕಾಲದಲ್ಲಿ ಕಾಯಿಲೆಯೇ ಆಗಿತ್ತು. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಮನೆಗೆ ಮರಳುವುದು, ನೋವು ಎಂಬ ಎರಡು ಗ್ರೀಕ್ ಪದ ಕೂಡಿಸಿ ‘ನಾಸ್ಟಾಲ್ಜಿಯಾ’ ಅಂತ ಹೆಸರಿಟ್ಟ. ಪರದೇಶದಲ್ಲಿದ್ದು ಊರು ನೆನೆದು ಸೊರಗುವವರ ರೋಗಕ್ಕೆ ಇಟ್ಟ ಹೆಸರು ಅದು. ಇದೇ ಬಾಸೆಲ್ ಊರಿನ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅಲ್ಲಿಂದ ಹರಡಿದ ಮಂಗಳೂರು ಹಂಚಿನ ಮಾಡು ಕಂಡರೆ ಇವತ್ತು ಬೆಂಗಳೂರಿನ ಕನ್ನಡಿಗರ ಗಂಟಲು ಕಟ್ಟುತ್ತದೆ. ರೋಗದ ಹೆಸರೂ ಅದನ್ನು ಕೆರಳಿಸುವ ಹಂಚೂ ಒಂದೇ ಊರಿನ ನಂಟಿನವು.

ಈಗ ಅದನ್ನು ಯಾರೂ ರೋಗ ಅನ್ನುವುದಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಟಿಮ್ ವೈಲ್ಡ್‌ಶಟ್, ಕಾನ್‌ಸ್ಟಂಟೈನ್ ಸೆಡಿಕೈಡ್ಸ್ ಮತ್ತು ಜೊತೆಗಾರರು 2006ರಿಂದ ಪ್ರಕಟಿಸುತ್ತ ಬಂದಿರುವ ಅಧ್ಯಯನಗಳ ಪ್ರಕಾರ ಬೇಸರ, ಒಂಟಿತನ ಕವಿದಾಗಲೇ ಹಳೆಯ ನೆನಪು ಉಕ್ಕುವುದು ಹೆಚ್ಚು. ಆ ನೆನಪುಗಳಲ್ಲಿ ಸಾಮಾನ್ಯವಾಗಿ ನಮ್ಮ ಸುತ್ತ ನಮ್ಮವರು ಇರುತ್ತಾರೆ. ಒಂದು ನಿರ್ದಿಷ್ಟ ಘಟನೆಯನ್ನು ನೆನೆದು ಬರೆಯಲು ಹೇಳಿದರೆ ತಾನು ಯಾರಿಗೋ ಬೇಕಾದವನು ಅನ್ನುವ ಭಾವ ಹೆಚ್ಚುತ್ತದೆ. ಗಮನಿಸಬೇಕಾದ್ದು ‘ಒಂದು ನಿರ್ದಿಷ್ಟ ಘಟನೆ’ ಅನ್ನುವ ಮಾತನ್ನು. ಮೊಬೈಲಿನಲ್ಲಿ ಉರುಳುತ್ತಿದ್ದ ಹಂಚಿನ ಮನೆ ಆಕೆಯದಾಗಿರಲಿಲ್ಲ, ಯಾರದೂ ಆಗಿರಲಿಲ್ಲ. ಅಲ್ಲಿ ಹೋಗಿ ಕೂರಲು ಜಾಗವಿಲ್ಲ. ಇವತ್ತಿನ ದಿನವನ್ನು ಅದರ ಪಕ್ಕ ಇಟ್ಟು ಬೈಯುವುದಷ್ಟೇ ಸಾಧ್ಯ.

ಹೀಗಾಗಿ ಮೊದಲ ಕೆಲಸ ‘ಎಲ್ಲಾ’ವನ್ನು ಒಡೆಯುವುದು. ಆಕೆಯ ನೆನಪಿನಲ್ಲಿದ್ದದ್ದು ತೀರ್ಥಹಳ್ಳಿ ಕಡೆಯ ತಂದೆಯ ಮನೆ, ಮಧ್ಯದಲ್ಲಿ ಆಕಾಶ ಕಾಣುವ ಚೌಕಿ. ಹಿಸ್ಸೆಯಾದ ಮೇಲೆ ಕೆಡವಿ ಆರ್‌ಸಿಸಿ ಮನೆ ಕಟ್ಟಿದ್ದಾರೆ. ಆ ಮನೆಯನ್ನು ಅಡಿಗೆ ಅರ್ಧ ಇಂಚಿನ ಲೆಕ್ಕದಲ್ಲಿ, ಅಂದರೆ 24ರಲ್ಲಿ ಒಂದು ಪಾಲಿಗೆ ಇಳಿಸಿ, ಮೇಜಿನ ಮೇಲೆ ಕಟ್ಟುವುದೆಂದು ಗೊತ್ತಾಯಿತು. ಈ ಅಳತೆ ಆರಿಸಲು ಕಾರಣವಿದೆ. ಇನ್ನೂ ಚಿಕ್ಕದಾದರೆ ನಲವತ್ತು ದಾಟಿದ ಕಣ್ಣಿಗೆ ಕಷ್ಟ, ದೊಡ್ಡದಾದರೆ ಫ್ಲ್ಯಾಟಿನಲ್ಲಿ ಇಡಲು ಜಾಗವಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅಡಿ ಲೆಕ್ಕದಲ್ಲಿ ಹೇಳಿದ್ದನ್ನು ಅರ್ಧ ಮಾಡಿ ಇಂಚು ಅಂದುಕೊಂಡರೆ ಸಾಕು, ಕ್ಯಾಲ್ಕ್ಯುಲೇಟರು ಬೇಡ.

ಅಳತೆ

ನೆನಪಿನ ಅಳತೆಯನ್ನು ನಂಬಬಾರದು. ಚೌಕಿ ಇಪ್ಪತ್ತೈದು ಅಡಿ ಉದ್ದ, ಒಂದೊಂದು ಕಡೆಯ ಪಡಸಾಲೆ ಇಪ್ಪತ್ತಡಿ ಅಗಲ ಅಂತ ಆಕೆ ಆಣೆ ಮಾಡಿ ಹೇಳಿದಳು. ಆರು ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು 105 ಸೆಂಟಿಮೀಟರ್ ಮೇಲಿರುತ್ತದೆ, ಹೆಜ್ಜೆಯೂ ಚಿಕ್ಕದು. ಆ ಕಣ್ಣು ಅಳೆದದ್ದನ್ನು ದೊಡ್ಡವರ ಅಡಿಗೋಲಿಗೆ ಹಾಕಿದರೆ ಮನೆ ಅರಮನೆಯಾಗುತ್ತದೆ.

ಉಳಿದಿದ್ದ ಆಧಾರ ಎರಡು ಫೋಟೋ. ಮೊದಲನೆಯದು ಅತ್ತೆಯ ಮದುವೆಯ ಬೆಳಿಗ್ಗೆ ಅಂಗಳದಿಂದ ತೆಗೆದದ್ದು, ಹಿಂದೆ ಮಾಡು ಕಾಣುತ್ತದೆ. ಮಾಡಿನ ಹಂಚನ್ನು ಸೂರಿನಿಂದ ನೆತ್ತಿಯವರೆಗೆ ಎಣಿಸಿದರೆ ಒಂಬತ್ತು ಸಾಲು. ಮಂಗಳೂರು ಹಂಚಿನ ಉದ್ದ ಸುಮಾರು 41 ಸೆಂಟಿಮೀಟರ್. ಮೇಲಿನ ಸಾಲು ಹೊದೆಯುವ ಭಾಗ ಬಿಟ್ಟರೆ ಕಣ್ಣಿಗೆ ಕಾಣುವುದು 32. ಒಂಬತ್ತು ಸಾಲೆಂದರೆ 288 ಸೆಂಟಿಮೀಟರ್ ಇಳಿಜಾರು. ಮಾಡಿನ ಓರೆ 30 ಡಿಗ್ರಿ ಅಂತ ಇಟ್ಟುಕೊಂಡರೆ ಅದನ್ನು 0.866ರಿಂದ ಗುಣಿಸಬೇಕು. ಮಗನ ತ್ರಿಕೋನಮಿತಿ ಮೊದಲ ಸಲ ಮನೆಯ ಕೆಲಸಕ್ಕೆ ಬಂದದ್ದು ಇಲ್ಲಿಯೇ. ಮಟ್ಟದ ಅಳತೆ 249 ಸೆಂಟಿಮೀಟರ್, ಎಂಟಡಿಗೆ ಸ್ವಲ್ಪ ಹೆಚ್ಚು. ಗೋಡೆಯಿಂದಾಚೆ ಚಾಚಿದ ಸೂರು ಎರಡಡಿ ಕಳೆದರೆ ಆರಡಿ. ಇನ್ನೊಂದು ಮಗ್ಗುಲಿನ ಆರಡಿ ಸೇರಿ ಪಡಸಾಲೆ ಹನ್ನೆರಡಡಿ. ಇಪ್ಪತ್ತಲ್ಲ.

ಎರಡನೆಯ ಫೋಟೋದಲ್ಲಿ ಚೌಕಿಯ ಉದ್ದಕ್ಕೆ, ಕಂಬದಿಂದ ಕಂಬಕ್ಕೆ ಕಟ್ಟಿದ ಹಗ್ಗದ ಮೇಲೆ ಒಂದು ಸೀರೆಯನ್ನು ಪೂರಾ ಉದ್ದಕ್ಕೆ ಹರಡಿ ಒಣಹಾಕಿದೆ, ಸೆರಗಿನ ಕಡೆ ಎರಡಡಿಯಷ್ಟು ಮಡಚಿದೆ. ಸೀರೆ ಐದೂವರೆ ಮೀಟರ್, ಹದಿನೆಂಟು ಅಡಿ. ಮಡಚಿದ್ದು ಕಳೆದರೆ ಚೌಕಿಯ ಉದ್ದ ಹದಿನಾರು. ಅಗಲ ಹನ್ನೆರಡು ಅಂತ ಅಮ್ಮ ಹೇಳಿದರು. ಅವರು ಹೇಳಿದ್ದು ಅಡಿಯಲ್ಲಲ್ಲ, ‘ಎರಡು ಮಾರು’ ಅಂತ. ಹಳಬರ ಹತ್ತಿರ ಅಡಿ ಕೇಳಬೇಡಿ. ಗೇಣು, ಮೊಳ, ಮಾರು, ಅಂಕಣ ಅಂತ ಕೇಳಿದರೆ ಕೈಯೇ ಎದ್ದು ತೋರಿಸುತ್ತದೆ.

ಒಟ್ಟು ಮನೆ 36 ಅಡಿಗೆ 40 ಅಡಿ. ಮೇಜಿನ ಮೇಲೆ 18 ಇಂಚಿಗೆ 20 ಇಂಚು.

ಕಂಬ ಎಷ್ಟು ಅನ್ನುವುದು ಫೋಟೋದಲ್ಲಿ ಕಾಣುತ್ತಿರಲಿಲ್ಲ. ಆರು ಅಂತ ಅಣ್ಣ, ಹತ್ತು ಅಂತ ಇವಳು. ಶಿವಮೊಗ್ಗದಲ್ಲಿ ಅಣ್ಣನ ಮನೆಯಲ್ಲಿರುವ ಅಮ್ಮನಿಗೆ ಫೋನು ಹೋಯಿತು.

“ಕಂಬದಾಟಕ್ಕೆ ಎಷ್ಟು ಜನ ಸೇರ್ತಿದ್ರಿ, ಅದನ್ನ ನೆನಪು ಮಾಡ್ಕೊಳ್ಳೇ.”

“ನಾವು ಮೂವರು, ಚಿಕ್ಕಪ್ಪನ ಮಕ್ಕಳು ನಾಲ್ವರು, ಅತ್ತೆ ಮಕ್ಕಳಿಬ್ಬರು. ಒಂಬತ್ತು.”

“ಒಬ್ಬ ಕಳ್ಳ ಆದ್ರೆ ಉಳಿದದ್ದೆಷ್ಟು?”

ಆಟದಲ್ಲಿ ಕಳ್ಳನನ್ನು ಬಿಟ್ಟು ಒಬ್ಬೊಬ್ಬರು ಒಂದೊಂದು ಕಂಬ ಹಿಡಿಯುವುದು, ಅಂದರೆ ಎಂಟು ಕಂಬ. ನಾಲ್ಕು ಮೂಲೆಗೆ, ನಾಲ್ಕು ನಡುವೆ. ಆ ರಾತ್ರಿ ಆಕೆ ಬಹಳ ದಿನದ ಮೇಲೆ ನಕ್ಕಳು ಅಂತ ಗಂಡ ಹೇಳಿದ. ಒಂದು ಕಂಬವನ್ನೂ ಇನ್ನೂ ನಿಲ್ಲಿಸಿರಲಿಲ್ಲ. ಈ ಕೆಲಸದಲ್ಲಿ ಹಿತ ಕೊಡುವುದು ಮುಗಿದ ಮನೆಗಿಂತ ಹೀಗೆ ಕೇಳಬೇಕಾಗಿ ಬರುವ ಪ್ರಶ್ನೆಗಳೇ. ಸಿದ್ಧ ಕಿಟ್ ತಂದು ಯಾವುದೋ ಯುರೋಪಿನ ಗುಡಿಸಲು ಜೋಡಿಸಿದರೆ ಕೈಗೆ ಕೆಲಸ ಸಿಗುತ್ತದೆ, ಅಮ್ಮನಿಗೆ ಫೋನು ಮಾಡುವ ಕಾರಣ ಸಿಗುವುದಿಲ್ಲ.

ಗೋಡೆ, ಕಂಬ, ಮಾಡು

ತಳಕ್ಕೆ ಮರದ ನಾರು ಒತ್ತಿ ಮಾಡಿದ, 12 ಮಿಲಿಮೀಟರ್ ದಪ್ಪದ ಎಂಡಿಎಫ್ ಹಲಗೆ, 24 ಇಂಚಿಗೆ 30 ಇಂಚು. ಸುತ್ತ ಅಂಗಳಕ್ಕೆ, ಹಿತ್ತಿಲಿಗೆ ಇಷ್ಟಾದರೂ ಬೇಕು. ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ, ಅಂದರೆ ಇಲ್ಲಿ ಮುಕ್ಕಾಲು ಇಂಚು. 20 ಮಿಲಿಮೀಟರ್ ಥರ್ಮೋಕೋಲ್ ಸರಿಹೊಂದುತ್ತದೆ. ಮೊದಲ ಎಡವಟ್ಟು ಆದದ್ದು ಇದರಲ್ಲೇ. ಬೇಗ ಹಿಡಿಯಲೆಂದು ಚಪ್ಪಲಿಗೆ ಹಚ್ಚುವ ರಬ್ಬರ್ ಅಂಟು ಹಾಕಿದಳು. ಅದರೊಳಗಿನ ದ್ರಾವಕ ಥರ್ಮೋಕೋಲನ್ನು ಕರಗಿಸುತ್ತದೆ. ಬೆಳಿಗ್ಗೆ ನೋಡಿದರೆ ಅಡುಗೆಮನೆಯ ಗೋಡೆಯಲ್ಲಿ ಹೆಗ್ಗಣ ಕೊರೆದಂಥ ತೂತು. ಸ್ಪ್ರೇ ಪೇಂಟ್ ಹೊಡೆದರೂ ಇದೇ ಗತಿ. ನೀರಿನಲ್ಲಿ ಕರಗುವ ಬಿಳಿ ಅಂಟು, ಗುಂಡುಸೂಜಿ, ಒಂದು ರಾತ್ರಿಯ ತಾಳ್ಮೆ, ಇಷ್ಟೇ ಬೇಕಾದ್ದು. ಮೇಲೆ ಗೋಡೆಗೆ ಬಳಿಯುವ ಪುಟ್ಟಿಯನ್ನು ಮಜ್ಜಿಗೆಯ ಹದಕ್ಕೆ ಕಲಸಿ ಎರಡು ತೆಳು ಕೈ ಕೊಡಬೇಕು. ಒಂದೇ ಸಲ ದಪ್ಪಗೆ ಬಳಿದರೆ ಒಣಗುವಾಗ ಬಿರುಕು ಬಿಡುತ್ತದೆ, ಮೂಲೆಗಳಲ್ಲಂತೂ ಖಂಡಿತ.

ಕಂಬ ಎಂಟಂಗುಲ ಚದರ, ಎಂಟಡಿ ಎತ್ತರ. 8 ಮಿಲಿಮೀಟರ್ ಚೌಕದ ಮರದ ಪಟ್ಟಿ, ನಾಲ್ಕು ಇಂಚಿಗೆ ತುಂಡು. ಪಕಾಸಿಗೆ, ಅಂದರೆ ಮಾಡಿನ ಓರೆ ತೊಲೆಗೆ, ಐಸ್‌ಕ್ರೀಮ್ ಕಡ್ಡಿ ಉದ್ದಕ್ಕೆ ಸೀಳಿದ್ದು, ಹಂಚು ಕೂರುವ ಅಡ್ಡಪಟ್ಟಿಯಾದ ರೀಪಿಗೆ ತೆಂಗಿನ ಗರಿಯ ಕಡ್ಡಿ. ನೆಲಕ್ಕೆ ಕಾವಿ ಬಣ್ಣ, ಒಣಗಿದ ಮೇಲೆ ಮೇಣದಬತ್ತಿ ಉಜ್ಜಿ ಬಟ್ಟೆಯಲ್ಲಿ ತಿಕ್ಕಿದರೆ ಹಳೆಯ ನೆಲದ ಹೊಳಪು. ಇಷ್ಟೂ ಮೂರು ಭಾನುವಾರದ ಕೆಲಸ.

ಹಂಚು ಬೇರೆಯೇ ಕಥೆ. ಎರಡಡಿ ಸೂರು ಸೇರಿಸಿ, ಓರೆ ಲೆಕ್ಕ ಹಾಕಿದರೆ ನಿಜವಾದ ಮಾಡು ಸುಮಾರು 178 ಚದರ ಮೀಟರ್. ಚದರ ಮೀಟರಿಗೆ 15ರಂತೆ 2,680 ಹಂಚು. ಒಳಗೆ ಕಾಣಬೇಕಲ್ಲ, ಅರ್ಧ ಮಾಡು ತೆರೆದೇ ಬಿಡೋಣ ಅಂದರೂ 1,340. ಆಕೆ ಮೊದಲು ಸುಕ್ಕುಗಟ್ಟಿದ ರಟ್ಟು ತಂದು ಅಂಟಿಸಿ ಅರ್ಧ ಗಂಟೆಯಲ್ಲಿ ಮುಗಿಸಿದಳು. ದೂರದಿಂದ ಚೆನ್ನಾಗಿಯೇ ಇತ್ತು. ಎರಡು ದಿನ ನೋಡಿ ತಾನೇ ಕಿತ್ತುಹಾಕಿದಳು. ಒಳ್ಳೆಯದಾಯಿತು, ಏಕೆಂದರೆ ನಿಜವಾದ ಚಿಕಿತ್ಸೆ ಇದ್ದದ್ದು ಆ 1,340ರಲ್ಲಿ.

ಗಣಪತಿ ಮಾಡುವವರ ಹತ್ತಿರ, ಬೆಂಗಳೂರಿನಲ್ಲಾದರೆ ಪಾಟರಿ ಟೌನಿನಲ್ಲಿ, ಹದ ಮಾಡಿದ ಜೇಡಿಮಣ್ಣು ಸಿಗುತ್ತದೆ. ಒಂದು ಕಿಲೋ ಧಾರಾಳ. ಐವತ್ತು ಗ್ರಾಂ ಕಾವಿಪುಡಿ ಸೇರಿಸಿ ನಾದಿದರೆ ಸುಡದಿದ್ದರೂ ಹಂಚಿನ ಬಣ್ಣ ಬರುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಮಣ್ಣಿಟ್ಟು, ಎರಡೂ ಪಕ್ಕ ಐಸ್‌ಕ್ರೀಮ್ ಕಡ್ಡಿ ಇಟ್ಟು, ಅವುಗಳ ಮೇಲೆ ಲಟ್ಟಣಿಗೆ ಓಡಿಸಬೇಕು. ಕಡ್ಡಿ ಎರಡು ಮಿಲಿಮೀಟರ್, ಹಂಚೂ ಅಷ್ಟೇ ದಪ್ಪ ಬರುತ್ತದೆ. ಹಸಿಯಲ್ಲಿ 18 ಮಿಲಿಮೀಟರ್ ಉದ್ದ, 10 ಅಗಲಕ್ಕೆ ಕೊಯ್ಯಬೇಕು. ಒಣಗಿದಾಗ ಕುಗ್ಗಿ 17ಕ್ಕೂ 9ಕ್ಕೂ ಬಂದು ನಿಲ್ಲುತ್ತದೆ. ಕೊಯ್ದದ್ದನ್ನು ಬಿಸಿಲಿಗಿಟ್ಟರೆ ಮೇಲ್ಮೈ ಮೊದಲು ಒಣಗಿ ಅಂಚು ಹಪ್ಪಳದ ಹಾಗೆ ಏಳುತ್ತದೆ. ನೆರಳಲ್ಲಿ, ಹಳೆಯ ಪತ್ರಿಕೆಯ ಕೆಳಗೆ ಇಟ್ಟು, ಅರ್ಧ ದಿನಕ್ಕೊಮ್ಮೆ ಮಗುಚಬೇಕು.

ಹೊದಿಸುವುದು ಸೂರಿನಿಂದ ಮೇಲಕ್ಕೆ. ಚೆನ್ನಾಗಿ ಕಾಣುವುದು ನೆತ್ತಿ ಅಂತ ಆಕೆ ಮೇಲಿನಿಂದ ಶುರುಮಾಡಿ ನಾಲ್ಕು ಸಾಲು ಇಳಿದ ಮೇಲೆ, ಕೆಳಗಿನ ಸಾಲನ್ನು ಮೇಲಿನದರ ಅಡಿಗೆ ತೂರಿಸಲಾಗದೆ ಎಲ್ಲ ಕಿತ್ತಳು. ನಿಜವಾದ ಹಂಚಿನವನು ಎಂದೂ ಈ ತಪ್ಪು ಮಾಡುವುದಿಲ್ಲ. ಹಾಗೆ ಹಾಕಿದ ಮಾಡಿನಲ್ಲಿ ಮಳೆನೀರು ಸೀದಾ ಮನೆಯೊಳಗೆ. ಸುಡದ ಮಣ್ಣು ನೀರು ಕುಡಿದರೆ ಮೆತ್ತಗಾಗುತ್ತದೆ. ಅಂಟನ್ನು ರೀಪಿಗೆ ಗೆರೆ ಎಳೆದಷ್ಟು ಮಾತ್ರ ಹಚ್ಚಬೇಕು, ಹಂಚಿಗಲ್ಲ.

ದಿನಕ್ಕೆ ನಲವತ್ತು

ದಿನಕ್ಕೆ ನಲವತ್ತು ಹಂಚು, ಮೂವತ್ತನಾಲ್ಕು ದಿನ. ಈ ಲೆಕ್ಕ ಮಾಡಿದ್ದು ಮೂರನೆಯ ವಾರದ ಅನಾಹುತದ ನಂತರ. ಅಲ್ಲಿಯವರೆಗೆ ‘ಅರ್ಧ ಗಂಟೆ’ ಅನ್ನುವ ಕಟ್ಟುಪಾಡಿತ್ತು. ಇಷ್ಟವಾದ ಕೆಲಸದ ಮುಂದೆ ಗಡಿಯಾರ ನಿಲ್ಲುವುದಿಲ್ಲ. ಹನ್ನೊಂದು ಹನ್ನೆರಡಾಗಿ, ಒಂದಾಗಿ, ಬೆಳಿಗ್ಗೆ ತಲೆನೋವು, ಆಫೀಸಿನಲ್ಲಿ ಒಂದು ತಪ್ಪು ಫೈಲು. “ಏನಿದು, ಹಂಚಿನ ಫ್ಯಾಕ್ಟರಿ ಇಟ್ಟಿದ್ದೀಯಾ?” ಅಂತ ಗಂಡ ಕೇಳಿದ್ದು ತಮಾಷೆಗೆ ಶುರುವಾಗಿ ಜಗಳದಲ್ಲಿ ಮುಗಿಯಿತು. ಮೊಬೈಲಿನ ಜಾಗಕ್ಕೆ ಮಣ್ಣು ಬಂದಿತ್ತಷ್ಟೇ, ಓಡಿಹೋಗುವುದು ನಿಂತಿರಲಿಲ್ಲ.

ಸಮಯದ ಮಿತಿ ತೆಗೆದು ಎಣಿಕೆಯ ಮಿತಿ ಹಾಕಲಾಯಿತು. ಊಟಕ್ಕೆ ಮೊದಲೇ ನಲವತ್ತು ಹಂಚನ್ನು ಒಂದು ಸ್ಟೀಲ್ ಬಟ್ಟಲಿಗೆ ಎಣಿಸಿಡುವುದು, ಉಳಿದ ಡಬ್ಬಿ ಮಗನ ಕೋಣೆಯಲ್ಲಿ. ಬಟ್ಟಲು ಬರಿದಾದರೆ ಕೆಲಸ ಮುಗಿಯಿತು. ಇಪ್ಪತ್ತೈದರಿಂದ ನಲವತ್ತು ನಿಮಿಷ ಹಿಡಿಯುತ್ತದೆ. ಮೊಬೈಲು ಬೇರೆ ಕೋಣೆಯಲ್ಲಿ, ಮೇಜಿನ ಮೇಲೆ ಮಗುಚಿ ಇಟ್ಟರೂ ಸಾಲದು. ಇನ್ನೊಂದು ಚಿಕ್ಕ ಉಪಾಯ ಬಹಳ ಕೆಲಸ ಮಾಡಿತು: ಸಾಲು ಪೂರ್ತಿ ಮಾಡಿ ಏಳಬಾರದು, ನಡುವೆ ಬಿಡಬೇಕು. ನಾಳೆ ಎಲ್ಲಿಂದ ಶುರು ಅನ್ನುವ ಯೋಚನೆ ಉಳಿಯುವುದಿಲ್ಲ, ಕೈ ತಾನೇ ಅಲ್ಲಿಗೆ ಹೋಗುತ್ತದೆ.

ಏಳುವ ಮೊದಲು ಮೂರು ನಿಮಿಷ ‘ಒಳಗೆ ಹೋಗಿ ಬರುವುದು’. ಆರು ವರ್ಷದವಳ ಕಣ್ಣಿನ ಎತ್ತರ ಈ ಅಳತೆಯಲ್ಲಿ 4.4 ಸೆಂಟಿಮೀಟರ್, ಒಂದು ಬೆಂಕಿಕಡ್ಡಿ ನಿಲ್ಲಿಸಿದಷ್ಟು. ಕೆನ್ನೆಯನ್ನು ಮೇಜಿಗೆ ಊರಿ ಕಣ್ಣನ್ನು ಆ ಎತ್ತರಕ್ಕೆ ತರಬೇಕು. ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ, ಹತ್ತು ಸಲ. ಆಮೇಲೆ ಹೆಬ್ಬಾಗಿಲಿನಿಂದ ಒಳಗೆ ಹೋಗಿ, ಎದುರಾಗುವ ಐದು ವಸ್ತುವನ್ನು ಮನಸ್ಸಿನಲ್ಲೇ ಮುಟ್ಟಿ ಹೆಸರು ಹೇಳಬೇಕು: ಕಂಬದ ಬುಡದ ತಣ್ಣನೆ ಕಲ್ಲು, ಕಣಜದ ಮುಚ್ಚಳ, ನೆಲ್ಲಿಯ ಉಪ್ಪಿನಕಾಯಿ ಭರಣಿಯ ಬಟ್ಟೆ, ಒರಳು, ಹಂಡೆಯ ಮಸಿ. ಹೋದ ಬಾಗಿಲಿನಿಂದಲೇ ಹೊರಗೆ ಬಂದು ದೀಪ ಆರಿಸಬೇಕು. ದೀಪವೆಂದರೆ ಮೂರು ವೋಲ್ಟಿನ ಬಟನ್ ಸೆಲ್ಲಿಗೆ ಸಿಕ್ಕಿಸಿದ ಒಂದು ಹಳದಿ ಎಲ್‌ಇಡಿ. ಮೊದಲು ಹಾಕಿದ್ದ ಬಿಳಿಯದರಲ್ಲಿ ಪಡಸಾಲೆ ಆಸ್ಪತ್ರೆಯ ವರಾಂಡದ ಹಾಗೆ ಕಾಣುತ್ತಿತ್ತು.

ವಸ್ತುಗಳನ್ನು ಮುಟ್ಟಿ, ಮನುಷ್ಯರನ್ನು ಹುಡುಕಬೇಡಿ ಅಂತ ಹೇಳುವುದಕ್ಕೂ ಕಾರಣವಿದೆ. ಮನುಷ್ಯರು ಬಂದರೆ ಮಾತು ಬರುತ್ತದೆ, ಮಾತಿನ ಹಿಂದೆಯೇ ಹಿಸ್ಸೆಯ ಜಗಳ, ಯಾರು ಯಾರಿಗೆ ಏನಂದರು ಅನ್ನುವುದು, ಮೂರು ನಿಮಿಷ ಮೂವತ್ತಾಗುತ್ತದೆ. ಹಾಗಾದಾಗ ಕಂಬದ ಕಲ್ಲಿಗೆ ಮರಳಬೇಕು. ಹಾಸಿಗೆಯಲ್ಲಿ ಮಲಗಿ ಇದನ್ನು ಮಾಡುವುದೂ ಬೇಡ. ಕತ್ತಲಲ್ಲಿ ಕೈಗೆ ಆಧಾರವಿಲ್ಲದ ಕಲ್ಪನೆ ಬೇಗ ಚಿಂತೆಯ ಕಡೆ ಜಾರುತ್ತದೆ.

ವಾಸನೆಯನ್ನೂ ಪ್ರಯೋಗ ಮಾಡಿದ್ದಾಯಿತು. ಉಳಿದ ಇಂದ್ರಿಯಗಳ ಸುದ್ದಿ ಮಿದುಳಿನಲ್ಲಿ ಥಲಾಮಸ್ ಎಂಬ ಕಟ್ಟೆ ದಾಟಿಯೇ ಮುಂದೆ ಹೋಗಬೇಕು. ವಾಸನೆಗೆ ಮಾತ್ರ ಭಾವನೆ, ನೆನಪುಗಳ ಕೇಂದ್ರಕ್ಕೆ ನೇರ ದಾರಿಯಿದೆ. ಒಂದು ಚಮಚ ಸೀಗೆಪುಡಿಗೆ ಬಿಸಿನೀರು ಹಾಕಿ ಪಕ್ಕದಲ್ಲಿಟ್ಟರೆ ಎಣ್ಣೆನೀರಿನ ದಿನದ ಬಚ್ಚಲು ಎದುರಿಗೇ ಬರುತ್ತದೆ. ಆದರೆ ಮೂಗು ಬಹಳ ಬೇಗ ಒಗ್ಗಿಬಿಡುತ್ತದೆ. ದಿನಾ ಇಟ್ಟರೆ ಒಂದೇ ವಾರಕ್ಕೆ ಅದು ಬರೀ ಸೀಗೆಪುಡಿ. ಭಾನುವಾರಕ್ಕೆ ಮಾತ್ರ ಇಟ್ಟುಕೊಂಡದ್ದು ಉಳಿಯಿತು.

ಅಮ್ಮನ ಲೆಕ್ಕ

ಆರನೆಯ ವಾರ, ಮಾಡು ಮುಕ್ಕಾಲು ಮುಗಿದಾಗ, ಆಕೆ ವಿಡಿಯೋ ಕರೆ ಮಾಡಿ ಅಮ್ಮನಿಗೆ ತೋರಿಸಿದಳು. ಮೆಚ್ಚುತ್ತಾರೆ ಅಂತ ಕಾದಿದ್ದಳು. ಅಮ್ಮ ಬಹಳ ಹೊತ್ತು ನೋಡಿ, ಬಾವಿ ಎಲ್ಲಿ ಅಂದರು.

“ಹಿತ್ತಲಲ್ಲಿ ಇದೆಯಲ್ಲಮ್ಮ, ಬಚ್ಚಲಿನ ಪಕ್ಕ.”

“ಪಕ್ಕ ಎಲ್ಲಿತ್ತೇ ಮಾರಾಯ್ತಿ. ಹದಿನೈದು ಮಾರು ಕೆಳಗೆ, ತೋಟದ ಬುಡದಲ್ಲಿ. ಹಂಡೆಗೆ ಹನ್ನೆರಡು ಕೊಡ, ಅಡುಗೆಗೆ ಆರು. ಬೆಳಿಗ್ಗೆ ನಾಲ್ಕೂವರೆಗೆ ಶುರು ಮಾಡಿದ್ರೆ ನೀವೆಲ್ಲ ಏಳೋದ್ರೊಳಗೆ ಮುಗೀತಿತ್ತು. ನಿನಗದು ಕಂಬದಾಟದ ಮನೆ. ನನಗೆ ಕೊಡದ ಮನೆ.”

ಹದಿನೈದು ಮಾರೆಂದರೆ ತೊಂಬತ್ತು ಅಡಿ. ಮಗಳ ನೆನಪಿನಲ್ಲಿ ಬಾವಿ ಬಚ್ಚಲಿಗೆ ಅಂಟಿಕೊಂಡಿತ್ತು, ಏಕೆಂದರೆ ಅವಳು ಎದ್ದಾಗ ನೀರು ಹಂಡೆಯಲ್ಲಿ ಕಾದಿರುತ್ತಿತ್ತು. ನಡುವಿನ ತೊಂಬತ್ತು ಅಡಿ ಅವಳು ನಡೆದದ್ದೇ ಅಲ್ಲ.

ಒಂಬತ್ತು ದಿನ ಬಟ್ಟಲಿಗೆ ಹಂಚು ಬೀಳಲಿಲ್ಲ. ಇಂಥ ಕೆಲಸದಲ್ಲಿ ಈ ಘಟ್ಟ ಬಂದೇ ಬರುತ್ತದೆ, ಬರದಿದ್ದರೆ ಕೇಳಬೇಕಾದವರನ್ನು ಕೇಳಿಲ್ಲ ಅಂತಲೇ ಅರ್ಥ. ಸುಖದ ನೆನಪಿನ ಹಿಂದೆ ಯಾರದೋ ದುಡಿಮೆ ಇರುತ್ತದೆ, ಹೆಚ್ಚಿನ ಸಲ ಹೆಂಗಸರದು. ಅದು ತಿಳಿದಾಗ ಎರಡು ದಾರಿ ಸುಲಭ: ಅಮ್ಮನ ಮಾತು ಕೇಳಿಸಲಿಲ್ಲ ಅಂದುಕೊಂಡು ಮುಂದುವರಿಯುವುದು, ಇಲ್ಲವೇ ಎಲ್ಲ ಸುಳ್ಳು ಅಂತ ಪೆಟ್ಟಿಗೆಗೆ ತುಂಬಿಬಿಡುವುದು. ಆಕೆ ಎರಡನೆಯದರ ಅಂಚಿಗೆ ಹೋಗಿದ್ದಳು. ತಿರುಗಿಸಿದ್ದು ಒಂದು ಪ್ರಶ್ನೆ. ಆ ಮನೆಯಲ್ಲಿ ಏನಿದ್ದಿದ್ದರೆ ನಿಮಗೆ ಹಿತವಾಗುತ್ತಿತ್ತು ಅಂತ ಅಮ್ಮನನ್ನು ಕೇಳಲು ಹೇಳಲಾಯಿತು.

ಉತ್ತರ ತಡವಿಲ್ಲದೆ ಬಂತು, ಇಷ್ಟು ವರ್ಷ ನಾಲಗೆ ತುದಿಯಲ್ಲೇ ಇದ್ದ ಹಾಗೆ. “ದಬ್ಬೆ. ಗುಡ್ಡದ ಮೇಲೆ ಅಬ್ಬಿ ನೀರಿತ್ತು. ತೋಟಕ್ಕೆ ಅಡಿಕೆ ದಬ್ಬೆ ಹಾಕಿದ್ರು, ಬಚ್ಚಲಿಗೆ ಹಾಕ್ಲಿಲ್ಲ. ನಿಮ್ಮಜ್ಜಯ್ಯನ ಹತ್ರ ಎರಡು ಸಲ ಹೇಳಿಸಿದೆ. ಹೆಂಗಸ್ರಿಗೆ ಕೆಲ್ಸ ಇಲ್ದಿದ್ರೆ ಆಗತ್ತಾ ಅಂದ್ರಂತೆ.”

ಮಲೆನಾಡು ಗೊತ್ತಿಲ್ಲದವರಿಗೆ: ಅಬ್ಬಿಯೆಂದರೆ ಗುಡ್ಡದಿಂದ ಇಳಿಯುವ ಝರಿ. ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ಮೆದುವನ್ನು ತೆಗೆದರೆ ಸಿಗುವ ದೋಣಿಯೇ ದಬ್ಬೆ. ಒಂದರ ಬಾಯಿಗೆ ಇನ್ನೊಂದನ್ನು ಹೊಂದಿಸುತ್ತ, ಕವೆಗೋಲಿನ ಮೇಲೆ ಕೂರಿಸುತ್ತ ಬಂದರೆ ಪಂಪಿಲ್ಲದೆ, ಕರೆಂಟಿಲ್ಲದೆ ಗುಡ್ಡದ ನೀರು ಅಂಗಳಕ್ಕೆ ಇಳಿಯುತ್ತದೆ.

ಅಲ್ಲಿಯವರೆಗೆ ಕಲ್ಪನೆ ಇದ್ದ ಮನೆಗೆ ಮರಳಲು ಮಾತ್ರ ದುಡಿದಿತ್ತು. ಈಗ ಇರದಿದ್ದ ಒಂದನ್ನು ಇಡಲು ದುಡಿಯಿತು. ಬಾವಿಯನ್ನು ಹಲಗೆಯ ತೀರಾ ಅಂಚಿಗೆ ಸರಿಸಿ, ಅಲ್ಲಿಂದ ಬಚ್ಚಲಿಗೆ ಸವೆದ ಕಾಲುದಾರಿಯನ್ನು ಕೆಂಪಗೆ ಎಳೆದಳು. ಎದುರು ಮೂಲೆಯಲ್ಲಿ ಥರ್ಮೋಕೋಲಿನ ಗುಡ್ಡ ಎದ್ದಿತು. ಅಬ್ಬಿ ನಿಜಕ್ಕೂ ನೂರೈವತ್ತು ಅಡಿ ದೂರದಲ್ಲಿತ್ತು, ಹಲಗೆಯಲ್ಲಿ ಅಷ್ಟು ಜಾಗವಿಲ್ಲ. ಬಾವಿಯ ತೊಂಬತ್ತು ಅಡಿಗೂ ಇಲ್ಲ. ಇಡೀ ಮನೆಯಲ್ಲಿ ಬೇಕೆಂದೇ ಅಳತೆ ತಪ್ಪಿಸಿದ್ದು ಇವೆರಡನ್ನೇ. ದಬ್ಬೆಗೆ 6 ಮಿಲಿಮೀಟರಿನ ಕಾಗದದ ಸ್ಟ್ರಾ, ಉದ್ದಕ್ಕೆ ಅರ್ಧ ಕತ್ತರಿಸಿ ಕಂದು ಬಣ್ಣ ಬಳಿದದ್ದು.

ಏನಾಯಿತು, ಏನಾಗಲಿಲ್ಲ

ಆಫೀಸು ಬದಲಾಗಲಿಲ್ಲ. 24ನೇ ತಾರೀಖು ಈಗಲೂ ಬರುತ್ತದೆ, ಬಂದಾಗ ದವಡೆ ಬಿಗಿಯುತ್ತದೆ. ಕೆಲಸದ ಹೊರೆ ಹೆಚ್ಚಿದ್ದರೆ ಅದನ್ನು ಇಳಿಸಬೇಕಾದ್ದು ಕಂಪನಿ. ಮೇಜಿನ ಮೇಲಿನ ಮನೆ ಆ ಕೆಲಸ ಮಾಡಲಾರದು, ಮಾಡುತ್ತದೆ ಅಂತ ನೌಕರರಿಗೆ ಹೇಳುವವರನ್ನು ನಂಬಲೂಬಾರದು. ಬದಲಾದದ್ದು ಸಂಜೆ ಒಂಬತ್ತರಿಂದ ಹನ್ನೊಂದರ ನಡುವಿನ ಹೊತ್ತು. ಮಲಗುವ ಮುನ್ನ ಹೆಗಲಿನ ಬಿಗಿಗೆ ಹತ್ತರಲ್ಲಿ ಇಷ್ಟು ಅಂತ ಕೂರುವ ಮೊದಲೊಮ್ಮೆ, ಎದ್ದ ಮೇಲೊಮ್ಮೆ ಆಕೆ ಬರೆದಿಡುತ್ತಿದ್ದಳು. ಎಣಿಕೆಯ ಮಿತಿ ಬಂದ ಮೇಲೆ ಎರಡನೆಯ ಅಂಕ ಹೆಚ್ಚಿನ ದಿನ ಮೊದಲನೆಯದಕ್ಕಿಂತ ಕೆಳಗಿತ್ತು. ರಾತ್ರಿ ಜಾಗರಣೆಯ ಮೂರನೆಯ ವಾರದಲ್ಲಿ ಮಾತ್ರ ಎರಡೂ ಒಂದೇ. ಹಳೆಯ ಕಾಲದ ತುಣುಕು ನೋಡುವುದು ತಾನಾಗಿ ನಿಂತಿತು. ಬೇರೆಯವರ ಮನೆಯಲ್ಲಿ ಹಂಚಿನ ಸಾಲು ತಪ್ಪಿದ್ದು ಕಣ್ಣಿಗೆ ಹೊಡೆಯಲು ಶುರುವಾದದ್ದೂ ಅದಕ್ಕೆ ಕಾರಣವಿರಬೇಕು.

ಈ ದಾರಿ ಎಲ್ಲರಿಗೂ ಅಲ್ಲ. ಮನೆಯವರು ತೀರಿಕೊಂಡು ಕೆಲವೇ ತಿಂಗಳಾಗಿದ್ದರೆ, ಆಸ್ತಿಯ ವ್ಯಾಜ್ಯ ಕೋರ್ಟಿನಲ್ಲಿದ್ದರೆ ಆ ಮನೆಯನ್ನು ಮುಟ್ಟಬೇಡಿ, ಶಾಲೆಯನ್ನೋ ಊರಿನ ಬಸ್ ನಿಲ್ದಾಣವನ್ನೋ ಕಟ್ಟಿ. ಬಾಲ್ಯದಲ್ಲಿ ಹಿಂಸೆ ಕಂಡವರು ಆಪ್ತಸಮಾಲೋಚಕರ ಜೊತೆಯಿಲ್ಲದೆ ಆ ಬಾಗಿಲು ತೆರೆಯುವುದು ಬೇಡ. ಕಣ್ಣು ಮುಚ್ಚಿದರೆ ಏನೂ ಕಾಣದವರೂ ಇದ್ದಾರೆ. ಅವರು ತಮ್ಮಲ್ಲೇನೋ ಕೊರತೆ ಅಂದುಕೊಳ್ಳಬೇಕಿಲ್ಲ, ಕಣ್ಣು ತೆರೆದು ಮಾದರಿಯನ್ನೇ ನೋಡಿದರೆ ಸಾಕು. ಹಗಲುಗನಸು ಗಂಟೆಗಟ್ಟಲೆ ಹಿಡಿದಿಟ್ಟು ಊಟ, ಕೆಲಸ, ಜನ ಎಲ್ಲ ಹಿಂದೆ ಬೀಳುವ ಸ್ಥಿತಿಯೂ ಉಂಟು, ಇಸ್ರೇಲಿನ ಮನಶ್ಶಾಸ್ತ್ರಜ್ಞ ಎಲಿ ಸೋಮರ್ 2002ರಲ್ಲಿ ಅದಕ್ಕೊಂದು ಹೆಸರು ಕೊಟ್ಟು ವಿವರಿಸಿದರು. ಅಂಥವರಿಗೆ ಇನ್ನೊಂದು ಕಾಲ್ಪನಿಕ ಮನೆ ಕೊಡುವುದು ಕುಡುಕನಿಗೆ ಹೊಸ ಲೋಟ ಕೊಟ್ಟ ಹಾಗೆ. ಎರಡು ವಾರ ಬಿಡದೆ ನಿದ್ದೆ ಕೆಟ್ಟರೆ, ಬದುಕು ಸಾಕೆನಿಸಿದರೆ ಮಣ್ಣು ನಾದುತ್ತ ಕೂರದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಖರ್ಚು ಎಲ್ಲ ಸೇರಿ ಎರಡು ಸಾವಿರ ದಾಟಲಿಲ್ಲ. ಮನೆ ಈಗ ಟಿ.ವಿ. ಮೇಜಿನ ಮೇಲಿದೆ, ಟಿ.ವಿ. ಗೋಡೆಗೆ ಏರಿದೆ. ಹೊದಿಸದೆ ಉಳಿದದ್ದು ಹನ್ನೊಂದು ಹಂಚು. ಅವನ್ನು ಹಾಗೇ ಬಟ್ಟಲಿನಲ್ಲಿ ಇಟ್ಟುಕೊಂಡಿದ್ದಾಳೆ.

ಎರಡನೆಯ ವಿಡಿಯೋ ಕರೆಯಲ್ಲಿ ಅಮ್ಮ ಕನ್ನಡಕ ಹಾಕಿಕೊಂಡು ಕೂತರು. ಗುಡ್ಡ ನೋಡಿದರು, ದಬ್ಬೆಯ ಜೊತೆ ಕಣ್ಣು ಸರಿಸುತ್ತ ಬಚ್ಚಲಿನವರೆಗೆ ಬಂದರು.

“ಇಷ್ಟು ಮಟ್ಟಕ್ಕೆ ಇಟ್ರೆ ನೀರು ಬರಲ್ಲ ಕಣೇ, ನಿಂತ್ಬಿಡತ್ತೆ. ಮೇಲಿನ ತುದಿ ಒಂದ್ ಚೂರು ಎತ್ತು.”

ಮಗಳು ಎರಡು ಬೆಂಕಿಕಡ್ಡಿ ಮುರಿದು ದಬ್ಬೆಯ ತಲೆಯ ಕೆಳಗೆ ಕೊಟ್ಟಳು. “ಸಾಕಾ?”

“ಇನ್ನೊಂದು ಕೊಡು. ಮಳೆಗಾಲದಲ್ಲಿ ಎಲೆ ಕಟ್ಕೊಳತ್ತೆ.”